'ಪಾಯಿಂಟ್ ಆಫ್ ಗ್ರೇಸ್' ಗಾಯಕಿಯರ ಮೇಳವೂ ಅಮೆರಿಕದ ಕ್ರೈಸ್ತ ಕಿಶೋರಿಯರ ಶಿಕ್ಷಣವೂ

ಮತಧರ್ಮಗಳ ಇತಿಹಾಸವನ್ನು ಬರೆಯತೊಡಗಿದವರು ಆಚಾರ್ಯಪುರುಷರನ್ನೂ ಸಭೆಗಳ ನಿರ್ಣಯಗಳನ್ನೂ ಸಿದ್ಧಾಂತಗಳ ಖಂಡನಮಂಡನಗಳನ್ನೂ ಆಧಾರವಾಗಿಟ್ಟುಕೊಳ್ಳುವುದು ವಾಡಿಕೆ. ಆದರೆ ಒಂದು ಮತವು ಮುಂದಿನ ಪೀಳಿಗೆಯ ಕಿವಿಗೆ ಹೇಗೆ ಬೀಳುತ್ತದೆ, ಹದಿಮೂರು ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಅದನ್ನು ಯಾರ ಬಾಯಿಂದ ಕೇಳಿ ತನ್ನದೆಂದು ಬಗೆಯುತ್ತಾಳೆ ಎಂಬ ಪ್ರಶ್ನೆಗೆ ಆ ಆಧಾರಗಳಲ್ಲಿ ಉತ್ತರ ದೊರೆಯುವುದು ವಿರಳ. ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗದಲ್ಲಿ ತಲೆಯೆತ್ತಿದ 'ಪಾಯಿಂಟ್ ಆಫ್ ಗ್ರೇಸ್' ಎಂಬ ನಾಲ್ವರು ತರುಣಿಯರ ಗಾಯನಮೇಳವನ್ನು ನಾವು ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಪರಿಶೀಲಿಸಲು ಹೊರಟಿದ್ದೇವೆ. ಜನಪ್ರಿಯ ಸಂಗೀತದ ಒಂದು ಮೇಳವು ಇತಿಹಾಸ ವಿದ್ಯಾರ್ಥಿಯ ಗಮನಕ್ಕೆ ಯೋಗ್ಯವೇ ಎಂದು ಕೆಲವರು ಕೇಳಬಹುದು. ದಾಸರ ಪದಗಳನ್ನೂ ಶರಣರ ವಚನಗಳನ್ನೂ ಬಿಟ್ಟು ನಮ್ಮ ನಾಡಿನ ಮತೇತಿಹಾಸವನ್ನು ಬರೆಯಲಾಗದೆಂಬುದನ್ನು ಬಲ್ಲ ನಮ್ಮ ವಾಚಕರಿಗೆ ಆ ಸಂದೇಹ ಬಹುಕಾಲ ನಿಲ್ಲಲಾರದು.

ಮೊದಲು ಸಂಗತಿಗಳನ್ನು ಹೇಳಿಬಿಡುವುದು ಲೇಸು. ಅರ್ಕಾನ್ಸಾ ಸಂಸ್ಥಾನದ ಆರ್ಕಡೆಲ್ಫಿಯ ಎಂಬ ಊರಿನಲ್ಲಿ ೧೮೮೬ರಲ್ಲಿ ಸ್ಥಾಪಿತವಾದ ವಾಶಿಟಾ ಬ್ಯಾಪ್ಟಿಸ್ಟ್ ವಿಶ್ವವಿದ್ಯಾನಿಲಯವಿದೆ. ಅಲ್ಲಿ ವ್ಯಾಸಂಗ ಮಾಡುತ್ತಿದ್ದ ಡೆನೀಸ್ ಮಾಸ್ಟರ್ಸ್, ಟೆರಿ ಲ್ಯಾಂಗ್, ಹೆದರ್ ಫ್ಲಾಯ್ಡ್ ಮತ್ತು ಷೆಲ್ಲಿ ಫಿಲಿಪ್ಸ್ ಎಂಬ ನಾಲ್ವರು ವಿದ್ಯಾರ್ಥಿನಿಯರು ೧೯೯೧ರಲ್ಲಿ ಒಂದು ಮೇಳವನ್ನು ಕಟ್ಟಿಕೊಂಡರು. ಮೊದಲ ಮೂವರು ಓಕ್ಲಹೋಮಾದ ನಾರ್ಮನ್ ಪಟ್ಟಣದಲ್ಲಿ ಬೆಳೆದ ಬಾಲ್ಯಸ್ನೇಹಿತೆಯರು. ಷೆಲ್ಲಿಯ ಪರಿಚಯವಾದದ್ದು ಕಾಲೇಜಿನಲ್ಲಿ. ಆರಂಭದಲ್ಲಿ ಅವರು ಇಟ್ಟುಕೊಂಡಿದ್ದ ಹೆಸರು 'ಸೇ ಸೋ'. ೧೦೭ನೆಯ ಕೀರ್ತನೆಯ ಇಂಗ್ಲಿಷ್ ಪಾಠವನ್ನು ಬಲ್ಲವರಿಗೆ ಈ ಹೆಸರು ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟವಲ್ಲ. ಬೇಸಗೆಯ ರಜೆಯಲ್ಲಿ ಚರ್ಚಿನಿಂದ ಚರ್ಚಿಗೆ ಹೋಗಿ ಹಾಡುತ್ತಿದ್ದ ಇವರು, ಬೇರೊಂದು ಮೇಳಕ್ಕೆ ಅದೇ ಹೆಸರಿದ್ದುದರಿಂದ 'ಪಾಯಿಂಟ್ ಆಫ್ ಗ್ರೇಸ್', ಅಂದರೆ ಕೃಪೆಯ ಬಿಂದು, ಎಂಬ ಹೊಸ ಹೆಸರನ್ನು ತಳೆದರು. ೧೯೯೨ರಲ್ಲಿ ಕೊಲರಾಡೋದ ಎಸ್ಟೆಸ್ ಪಾರ್ಕಿನಲ್ಲಿ ನಡೆದ ಕ್ರೈಸ್ತ ಕಲಾವಿದರ ಸ್ಪರ್ಧೆಯಲ್ಲಿ ಗೆದ್ದು, 'ವರ್ಡ್' ಎಂಬ ಧ್ವನಿಮುದ್ರಿಕಾ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡರು. ೧೯೯೩ರಲ್ಲಿ ಮೇಳದ ಹೆಸರನ್ನೇ ಹೊತ್ತ ಮೊದಲ ಗೀತಸಂಪುಟ ಹೊರಬಂದಿತು. ಅನಂತರ ೧೯೯೫ರಲ್ಲಿ 'ದ ಹೋಲ್ ಟ್ರುತ್', ೧೯೯೬ರಲ್ಲಿ 'ಲೈಫ್, ಲವ್ ಅಂಡ್ ಅದರ್ ಮಿಸ್ಟರೀಸ್', ೧೯೯೮ರಲ್ಲಿ 'ಸ್ಟೆಡಿ ಆನ್', ೨೦೦೧ರಲ್ಲಿ 'ಫ್ರೀ ಟು ಫ್ಲೈ' ಎಂಬ ಸಂಪುಟಗಳು ಒಂದರ ಹಿಂದೊಂದು ಬಂದವು. ೨೦೦೩ರಲ್ಲಿ ಪ್ರಕಟವಾದ ಒಂದು ಸಂಕಲನಕ್ಕೆ '೨೪' ಎಂದಷ್ಟೇ ಹೆಸರು: ಕ್ರೈಸ್ತ ಆಕಾಶವಾಣಿ ಕೇಂದ್ರಗಳ ಪಟ್ಟಿಗಳಲ್ಲಿ ಒಂದೂ ತಪ್ಪದೆ ಮೊದಲ ಸ್ಥಾನಕ್ಕೇರಿದ ಅವರ ಗೀತೆಗಳ ಸಂಖ್ಯೆಯದು. ಅಂತಹ ಪಟ್ಟಿಗಳು ಒಂದಲ್ಲ, ಹಲವು. ಸಾಮಾನ್ಯ ಪಾಪ್ ಸಂಗೀತದ ಪಟ್ಟಿಗಳೊಡನೆ ಅವನ್ನು ಸಮೀಕರಿಸಲಾಗದು. ಆದರೂ ಹತ್ತು ವರ್ಷಗಳ ಕಾಲ ಒಂದು ಶ್ರೋತೃವರ್ಗದ ಮನ್ನಣೆ ಸಡಿಲವಾಗಲಿಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಿಲ್ಲ.

ಈ ಮೇಳ ಶೂನ್ಯದಿಂದ ಹುಟ್ಟಿದುದಲ್ಲ. ಇದರ ಹಿಂದೆ ಪರಸ್ಪರ ಭಿನ್ನವಾದ ಎರಡು ಪರಂಪರೆಗಳಿವೆ. ಅವುಗಳಲ್ಲಿ ಹಳೆಯದು ದಕ್ಷಿಣದ ನಾಲ್ವರ ಗಾಯನ. ಟೆನೆಸ್ಸಿಯ ಲಾರೆನ್ಸ್‌ಬರ್ಗ್ ಎಂಬ ಊರಿನ ಪ್ರಕಾಶಕ ಜೇಮ್ಸ್ ಡಿ. ವಾನ್ ಎಂಬಾತನು ೧೯೧೦ರಲ್ಲಿ ನಾಲ್ವರು ಗಂಡಸರನ್ನು ಸಂಬಳಕ್ಕಿಟ್ಟುಕೊಂಡು ಊರೂರಿಗೆ ಕಳುಹಿಸಿದನು. ಅವರು ಭಕ್ತಿಗೀತೆಗಳನ್ನು ಹಾಡಬೇಕು, ಕೇಳಿ ಮೆಚ್ಚಿದ ಜನ ಅವನ ಗೀತಪುಸ್ತಕಗಳನ್ನು ಕೊಳ್ಳಬೇಕು, ಇದು ಏರ್ಪಾಡು. ಭಕ್ತಿಯೂ ವ್ಯಾಪಾರವೂ ಈ ಪ್ರಕಾರದಲ್ಲಿ ಹುಟ್ಟಿನಿಂದಲೇ ಜೊತೆಗೂಡಿ ಬಂದಿರುವುದನ್ನು ಮರೆತು, ೧೯೯೦ರ ದಶಕದ ಮೇಳಗಳನ್ನು ಮಾತ್ರ 'ವ್ಯಾಪಾರಿಗಳು' ಎಂದು ದೂರುವುದು ನ್ಯಾಯವಲ್ಲ. ನಾಲ್ಕು ಕಂಠಗಳು ನಾಲ್ಕು ಎತ್ತರಗಳಲ್ಲಿ ಒಂದೇ ಮಾತನ್ನು ಒಟ್ಟಿಗೆ ನುಡಿಯುವ ಆ ಕ್ರಮವನ್ನು ವಾಶಿಟಾದ ವಿದ್ಯಾರ್ಥಿನಿಯರು ತಮ್ಮ ಚರ್ಚುಗಳಲ್ಲಿಯೂ ಕಾಲೇಜಿನ ವೃಂದಗಾನದಲ್ಲಿಯೂ ಕೇಳಿ ಬೆಳೆದಿದ್ದರು. ಗಂಡಸರ ಪ್ರಕಾರವೊಂದು ಹೆಂಗಸರ ಕೈಗೆ ಬಂದುದು ಇಲ್ಲಿನ ವಿಶೇಷ.

ಎರಡನೆಯ ಪರಂಪರೆ ಹೊಸದು, ಗಲಾಟೆಯದು. ೧೯೬೦ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯದಲ್ಲಿ ಉದ್ದಕೂದಲಿನ ತರುಣರು ಗುಂಪುಗುಂಪಾಗಿ ಕ್ರೈಸ್ತಭಕ್ತಿಯ ಕಡೆಗೆ ತಿರುಗಿದರು; ಇದಕ್ಕೆ 'ಜೀಸಸ್ ಚಳವಳಿ' ಎಂದು ಹೆಸರಾಯಿತು. ಲ್ಯಾರಿ ನಾರ್ಮನ್ ೧೯೬೯ರಲ್ಲಿ 'ಅಪಾನ್ ದಿಸ್ ರಾಕ್' ಎಂಬ ಸಂಪುಟವನ್ನು ಹೊರತಂದನು. ಕೋಸ್ಟಾ ಮೆಸಾದ ಕ್ಯಾಲ್ವರಿ ಚಾಪೆಲ್ಲಿನ ಪಾಲಕ ಚಕ್ ಸ್ಮಿತ್ ಗಿಟಾರು ಹಿಡಿದ ಹುಡುಗರಿಗೆ ತನ್ನ ವೇದಿಕೆಯನ್ನು ಬಿಟ್ಟುಕೊಟ್ಟನು. ೧೯೭೨ರ ಜೂನ್ ತಿಂಗಳಲ್ಲಿ ಡಲ್ಲಾಸ್ ನಗರದಲ್ಲಿ ನಡೆದ 'ಎಕ್ಸ್‌ಪ್ಲೋ' ಸಮ್ಮೇಳನಕ್ಕೆ ಸುಮಾರು ಎಂಬತ್ತು ಸಾವಿರ ಯುವಜನರು ಬಂದರು. ಬಿಲ್ಲಿ ಗ್ರಹಾಮನಂತಹ ಪ್ರಸಂಗಿಯೂ ರಾಕ್ ವಾದ್ಯಗಳೂ ಒಂದೇ ವೇದಿಕೆಯಲ್ಲಿ ಸೇರಿದುದನ್ನು ಕಂಡು ಹಿರಿಯರು ಬೆರಗಾದರು. ವಿರೋಧವೂ ಕಡಿಮೆಯಿರಲಿಲ್ಲ. ಬೀಟಲ್ಸರ ಸಂಗೀತದಲ್ಲಿ ಸಮ್ಮೋಹನವಿದ್ಯೆಯನ್ನೂ ಕಮ್ಯೂನಿಸ್ಟರ ಸಂಚನ್ನೂ ಕಂಡ ಡೇವಿಡ್ ನೋಬೆಲ್ ಎಂಬಾತನ ಪುಸ್ತಿಕೆ ೧೯೬೫ರಲ್ಲಿಯೇ ಅಚ್ಚಾಗಿತ್ತು. ಜಿಮ್ಮಿ ಸ್ವಾಗರ್ಟ್ ೧೯೮೭ರಲ್ಲಿ ಕ್ರೈಸ್ತ ರಾಕ್ ಸಂಗೀತವನ್ನು ಕುರಿಯ ತೊಗಲು ಹೊದ್ದ ತೋಳವೆಂದು ಕರೆದು ಒಂದು ಗ್ರಂಥವನ್ನೇ ಬರೆದನು. ಯಾವ ಧಾಟಿಯಲ್ಲಿ ದೇವರ ನಾಮವನ್ನು ಹಾಡಬಹುದು ಎಂಬ ಈ ಚರ್ಚೆ ಕ್ರೈಸ್ತರಿಗೆ ಹೊಸತಲ್ಲ. ಲಂಡನ್ನಿನ ಸಾಲ್ವೇಶನ್ ಆರ್ಮಿಯ ತರಬೇತಿ ಶಾಲೆಯಲ್ಲಿ ಜಾಯ್ ವೆಬ್ ಎಂಬ ಮಹಿಳೆಯ ನಾಯಕತ್ವದಲ್ಲಿ ೧೯೬೩ರಲ್ಲಿ ಹುಟ್ಟಿದ 'ಜಾಯ್‌ಸ್ಟ್ರಿಂಗ್ಸ್' ಮೇಳವೂ ಇದೇ ಪ್ರಶ್ನೆಯನ್ನು ಎದುರಿಸಿತು. ನಮ್ಮ ನಾಡಿನಲ್ಲಿಯೇ ರೆವರೆಂಡ್ ಕಿಟ್ಟೆಲರು ೧೮೬೨ರಲ್ಲಿ ಯೇಸುಚರಿತೆಯನ್ನು 'ಕಥಾಮಾಲೆ'ಯಾಗಿ ಕನ್ನಡದ ಛಂದಸ್ಸುಗಳಲ್ಲಿ ರಚಿಸಿದರಷ್ಟೆ. ಕೇಳುವವರ ಕಿವಿಗೆ ಒಗ್ಗಿದ ಲಯದಲ್ಲಿಯೇ ಮಾತು ಮನಸ್ಸನ್ನು ಮುಟ್ಟುತ್ತದೆ ಎಂಬ ತಿಳಿವಳಿಕೆ ಅಲ್ಲಿಯೂ ಇತ್ತು.

೧೯೮೦ರ ಹೊತ್ತಿಗೆ ಆ ಗಲಾಟೆ ಅಡಗಿ, ಅದು ಒಂದು ಉದ್ಯಮವಾಗಿ ನೆಲೆಗೊಂಡಿತು. ೧೯೫೧ರಲ್ಲಿ ಟೆಕ್ಸಾಸಿನ ವೇಕೋ ನಗರದಲ್ಲಿ ಜಾರೆಲ್ ಮೆಕ್ರ್ಯಾಕನ್ ಸ್ಥಾಪಿಸಿದ 'ವರ್ಡ್' ಸಂಸ್ಥೆ ೧೯೯೨ರಲ್ಲಿ ಥಾಮಸ್ ನೆಲ್ಸನ್ ಪ್ರಕಾಶನದ ವಶವಾಯಿತು, ೧೯೯೭ರಲ್ಲಿ ಗೇಲಾರ್ಡ್ ಸಂಸ್ಥೆಯ ಪಾಲಾಯಿತು. ಬಳಿಕ ಅದು ವಾರ್ನರ್ ಸಂಸ್ಥೆಗೆ ಸೇರಿತು. ಏಮಿ ಗ್ರಾಂಟ್ ಎಂಬ ಗಾಯಕಿ ೧೯೭೭ರಲ್ಲಿ ಶಾಲಾಬಾಲಕಿಯ ಹಾಡುಗಳಿಂದ ಆರಂಭಿಸಿ, ೧೯೯೧ರಲ್ಲಿ ಸಾಮಾನ್ಯ ಜನಪ್ರಿಯ ಪಟ್ಟಿಯ ಶಿಖರವನ್ನೇರಿ, ಅದಕ್ಕಾಗಿ ಚರ್ಚಿನ ಜನರಿಂದ ನಿಂದೆಯನ್ನೂ ಕೇಳಿದಳು. ಅದೇ ವರ್ಷ ಆರ್ಕಡೆಲ್ಫಿಯದ ನಾಲ್ವರು ಕೂಡಿದರೆಂಬುದು ಕಾಕತಾಳೀಯವಾದರೂ ಅರ್ಥವತ್ತಾದ ಸಂಗತಿ. ಏಮಿ ಗ್ರಾಂಟಳದು ಹೊರಜಗತ್ತಿನ ಹೆದ್ದಾರಿ. ಈ ನಾಲ್ವರೋ ಚರ್ಚಿನ ಅಂಗಳವನ್ನು ಬಿಡಲಿಲ್ಲ. ಹೊರಗಿನವರನ್ನು ಒಳಕ್ಕೆ ಕರೆಯುವುದಕ್ಕಿಂತ ಒಳಗೆ ಹುಟ್ಟಿದ ಹುಡುಗಿಯರು ಹೊರಗೆ ಜಾರದಂತೆ ಹಿಡಿದುಕೊಳ್ಳುವುದೇ ಅವರ ಕಾರ್ಯದ ತಿರುಳೆಂದು ನಮಗೆ ತೋರುತ್ತದೆ. 'ಯುವಜನರಲ್ಲಿ ಪ್ರಚಾರ' ಎಂಬ ಮಾತನ್ನು ಈ ಮೇಳದ ವಿಷಯದಲ್ಲಿ ಬಳಸುವಾಗ ಈ ವ್ಯತ್ಯಾಸವನ್ನು ಅನೇಕರು ಗಮನಿಸಿಲ್ಲ.

ಇನ್ನು ಮುಖ್ಯ ವಿಚಾರಕ್ಕೆ ಬರೋಣ. ವಾಶಿಟಾ ವಿಶ್ವವಿದ್ಯಾನಿಲಯವು ಯಾವ ಸಭೆಯ ಆಶ್ರಯದಲ್ಲಿ ಬೆಳೆಯಿತೋ ಆ ದಕ್ಷಿಣ ಬ್ಯಾಪ್ಟಿಸ್ಟ್ ಸಮಾವೇಶವು ೧೮೪೫ರಲ್ಲಿ ಗುಲಾಮಗಿರಿಯ ಪ್ರಶ್ನೆಯಲ್ಲಿ ಉತ್ತರದ ಬ್ಯಾಪ್ಟಿಸ್ಟರಿಂದ ಒಡೆದು ಬಂದು ಸ್ಥಾಪನೆಯಾದುದು. ಆ ಹುಟ್ಟಿಗಾಗಿ ಅದು ಕ್ಷಮೆ ಕೇಳಿದುದು ೧೯೯೫ರಲ್ಲಿ. ಸ್ತ್ರೀಯರ ವಿಷಯದಲ್ಲಿ ಅದರ ಇತಿಹಾಸ ಎರಡು ಮುಖವುಳ್ಳದ್ದು. ಚೀನಾದಲ್ಲಿ ನಾಲ್ಕು ದಶಕಗಳ ಕಾಲ ಸೇವೆ ಮಾಡಿ ೧೯೧೨ರಲ್ಲಿ ತೀರಿಕೊಂಡ ಲಾಟಿ ಮೂನ್ ಎಂಬಾಕೆಯ ಹೆಸರಿನಲ್ಲಿ ಪ್ರತಿ ಕ್ರಿಸ್ಮಸ್ಸಿಗೆ ಧರ್ಮಪ್ರಚಾರಕ್ಕಾಗಿ ಕಾಣಿಕೆಯೆತ್ತುವ ಪದ್ಧತಿ ಅಲ್ಲಿದೆ. ೧೮೮೮ರಲ್ಲಿ ಸ್ಥಾಪಿತವಾದ ಮಹಿಳಾ ಸಂಘವು ೧೯೧೩ರಲ್ಲಿ ಬಾಲಕಿಯರಿಗೆಂದೇ ಒಂದು ಅಂಗಸಂಸ್ಥೆಯನ್ನು ತೆರೆದು, ಹಳ್ಳಿಹಳ್ಳಿಯ ಚರ್ಚುಗಳಲ್ಲಿ ಹುಡುಗಿಯರಿಗೆ ಬೈಬಲನ್ನೂ ಭೂಗೋಳವನ್ನೂ ಒಟ್ಟಿಗೆ ಕಲಿಸಿತು. ಇದು ಒಂದು ಮುಖ. ಇನ್ನೊಂದು ಮುಖದಲ್ಲಿ, ೧೯೬೪ರಲ್ಲಿ ಆ್ಯಡಿ ಡೇವಿಸ್ ಎಂಬಾಕೆ ದೀಕ್ಷೆ ಪಡೆದ ಮೇಲೆಯೂ ಪ್ರಸಂಗಪೀಠ ಹೆಂಗಸರಿಗೆ ಬಹುಮಟ್ಟಿಗೆ ಮುಚ್ಚಿಯೇ ಇತ್ತು. ಸ್ತ್ರೀದೀಕ್ಷೆಯ ವಿರುದ್ಧ ೧೯೮೪ರಲ್ಲಿ ನಿರ್ಣಯವಾಯಿತು. ಹೆಂಡತಿ ಗಂಡನ ನಾಯಕತ್ವಕ್ಕೆ ವಿನಯದಿಂದ ಅಧೀನಳಾಗಿರಬೇಕೆಂಬ ವಿಧಿಯನ್ನು ೧೯೯೮ರಲ್ಲಿ ಸಭೆಯ ವಿಶ್ವಾಸಪತ್ರಕ್ಕೆ ಸೇರಿಸಲಾಯಿತು. ಸಭಾಪಾಲಕನ ಸ್ಥಾನ ಪುರುಷರಿಗೆ ಮಾತ್ರ ಮೀಸಲೆಂದು ೨೦೦೦ದ ಪರಿಷ್ಕೃತ ಪತ್ರ ಸ್ಪಷ್ಟವಾಗಿ ಸಾರಿತು.

ಈ ವರ್ಷಗಳನ್ನು ಮೇಳದ ವರ್ಷಗಳ ಪಕ್ಕದಲ್ಲಿಟ್ಟು ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಪೀಠದ ಬಾಗಿಲು ಬಿಗಿಯಾಗುತ್ತಿದ್ದ ದಶಕದಲ್ಲಿಯೇ, ಅದೇ ಪೀಠದಿಂದ ಐದಾರು ಅಡಿ ಈಚೆಗೆ, ಅದೇ ವೇದಿಕೆಯ ಮೇಲೆ ಧ್ವನಿವರ್ಧಕ ಹಿಡಿದು ನಿಂತ ನಾಲ್ವರು ತರುಣಿಯರು ಸಾವಿರಾರು ಜನರೊಡನೆ ದೇವರ ವಿಷಯ ಮಾತನಾಡುತ್ತಿದ್ದರು. ಎರಡು ಹಾಡುಗಳ ನಡುವೆ ಗಾಯಕಿ ತನ್ನ ಅನುಭವವನ್ನು ಹೇಳುವುದು ಈ ಕಚೇರಿಗಳಲ್ಲಿ ರೂಢಿ. ಅದನ್ನು ಪ್ರಸಂಗವೆಂದು ಯಾರೂ ಕರೆಯುವುದಿಲ್ಲ. ಅದಕ್ಕೆ 'ಸಾಕ್ಷಿ' ಎಂದು ಹೆಸರು. ಹೆಸರು ಬದಲಾದುದರಿಂದ ನಿಷೇಧ ತಗಲುವುದಿಲ್ಲ. ಆ ಗಾಯಕಿಯರು ಬಂಡಾಯಗಾರ್ತಿಯರಾಗಿದ್ದರೆಂದು ನಾವು ಹೇಳುತ್ತಿಲ್ಲ. ತಮ್ಮ ಸಭೆಯ ನಿಯಮಗಳನ್ನು ಅವರು ಬಹಿರಂಗವಾಗಿ ಪ್ರಶ್ನಿಸಿದ ಕುರುಹಿಲ್ಲ. ಆದರೆ ಒಂದು ವ್ಯವಸ್ಥೆ ಒಂದು ಕಡೆ ಮುಚ್ಚಿದ ಕೆಲಸ ಇನ್ನೊಂದು ಕಡೆಯಿಂದ ಹೇಗೆ ದಾರಿ ಮಾಡಿಕೊಳ್ಳುತ್ತದೆಂಬುದಕ್ಕೆ ಇದು ಉತ್ತಮ ನಿದರ್ಶನ. ಸಾಲ್ವೇಶನ್ ಆರ್ಮಿಯ ಆರಂಭದ ದಿನಗಳಲ್ಲಿ ಇಂಗ್ಲೆಂಡಿನ ಬೀದಿಗಳಲ್ಲಿ ಹಾಡುತ್ತ ಬೋಧಿಸಿದ ಕಾರ್ಮಿಕ ಕುಟುಂಬಗಳ ಹುಡುಗಿಯರನ್ನು ಇಲ್ಲಿ ನೆನೆಯಬಹುದು. ಅವರಿಗೆ ಅವರ ಸಂಸ್ಥೆ ಬೋಧನೆಯ ಅಧಿಕಾರವನ್ನೂ ಕೊಟ್ಟಿತ್ತು, ಇವರಿಗೆ ಹಾಡು ಮಾತ್ರ ದೊರೆಯಿತು ಎಂಬ ಭೇದವನ್ನು ಮರೆಯದೆ.

೨೦೦೨ರಲ್ಲಿ ಈ ಕಾರ್ಯ ಹಾಡಿನ ಮೇರೆಯನ್ನು ದಾಟಿತು. ಆ ವರ್ಷ 'ಗರ್ಲ್ಸ್ ಆಫ್ ಗ್ರೇಸ್' ಎಂಬ ಹೆಸರಿನಲ್ಲಿ ಹದಿಹರೆಯದ ಹುಡುಗಿಯರಿಗೂ ಅವರ ತಾಯಂದಿರಿಗೂ ಸಮ್ಮೇಳನಗಳನ್ನು ಮೇಳದವರು ಆರಂಭಿಸಿದರು. ಅದೇ ಹೆಸರಿನ ಗೀತಸಂಪುಟವೂ ಪುಸ್ತಕವೂ ಬೈಬಲ್ ಅಭ್ಯಾಸದ ಕೈಪಿಡಿಯೂ ಪ್ರಕಟವಾದವು. ಸಂಪುಟದಲ್ಲಿ ಬೇರೆ ಕ್ರೈಸ್ತ ಗಾಯಕಿಯರೂ ಹಾಡಿದರು. ಸ್ನೇಹ, ಮನೆ, ಹುಡುಗರೊಡನೆ ಒಡನಾಟ, ದೇವರೊಡನೆ ಸಂಬಂಧ ಇವು ಆ ಬೋಧನೆಯ ವಿಷಯಗಳು. ಏರ್ಪಾಡಿನ ಮಾದರಿ ಸಿದ್ಧವಾಗಿಯೇ ಇತ್ತು. ಫುಟ್‌ಬಾಲ್ ಶಿಕ್ಷಕ ಬಿಲ್ ಮೆಕಾರ್ಟ್ನಿ ೧೯೯೦ರಲ್ಲಿ ಗಂಡಸರಿಗಾಗಿ 'ಪ್ರಾಮಿಸ್ ಕೀಪರ್ಸ್' ಸಂಸ್ಥೆಯನ್ನು ಸ್ಥಾಪಿಸಿ ಕ್ರೀಡಾಂಗಣಗಳನ್ನು ತುಂಬಿಸಿದ್ದನು. ೧೯೯೬ರಿಂದ 'ವಿಮೆನ್ ಆಫ್ ಫೇತ್' ಸಮ್ಮೇಳನಗಳು ಹೆಂಗಸರಿಗಾಗಿ ಅದನ್ನೇ ಮಾಡಿದವು. ಹುಡುಗಿಯರಿಗೆಂದೇ 'ಬ್ರಿಯೋ' ಎಂಬ ಮಾಸಪತ್ರಿಕೆ ೧೯೯೦ರಿಂದ ನಡೆಯುತ್ತಿತ್ತು. ಹೀಗೆ ಗಂಡಸು, ಹೆಂಗಸು, ಹುಡುಗಿ ಎಂದು ಶ್ರೋತೃಗಳನ್ನು ವಿಂಗಡಿಸಿ ಉಪದೇಶಿಸುವ ಕ್ರಮ ಆ ಕಾಲದ ಇವ್ಯಾಂಜೆಲಿಕಲ್ ಸಮಾಜದ ಒಂದು ಲಕ್ಷಣ. ಪ್ರಕಾಶಕರಿಗೂ ಧ್ವನಿಮುದ್ರಿಕೆಯವರಿಗೂ ಇದು ಅನುಕೂಲವಾಗಿಯೇ ಇತ್ತೆಂದು ಬೇರೆ ಹೇಳಬೇಕಿಲ್ಲ.

ತಾಯಿಮಗಳು ಜೊತೆಯಾಗಿ ಬರುತ್ತಿದ್ದುದನ್ನು ನಾವು ಮಹತ್ವದ್ದೆಂದು ಎಣಿಸುತ್ತೇವೆ. ಸಾಮಾನ್ಯ ಪಾಪ್ ಸಂಗೀತ ಯುವಜನರನ್ನು ಹಿರಿಯರಿಂದ ಬೇರ್ಪಡಿಸಿ ಅವರಿಗೊಂದು ಪ್ರತ್ಯೇಕ ಲೋಕವನ್ನು ಕೊಟ್ಟಿತು. ೧೯೫೦ರ ದಶಕದಿಂದ ಅದರ ವ್ಯಾಪಾರ ನಿಂತಿದ್ದುದೇ ಈ ಬೇರ್ಪಡೆಯ ಮೇಲೆ. ಇಲ್ಲಿಯಾದರೋ ತಾಯಿಯೇ ಟಿಕೇಟು ಕೊಂಡು ಮಗಳನ್ನು ಕರೆತರುತ್ತಾಳೆ, ಅದೇ ಹಾಡನ್ನು ಇಬ್ಬರೂ ಬಲ್ಲರು. ಮೇಳದವರ ವಯಸ್ಸೂ ಇದಕ್ಕೆ ಹೊಂದಿಕೊಂಡಿತು. ೧೯೯೩ರಲ್ಲಿ ಅವರು ಕೇಳುಗರಿಗೆ ಅಕ್ಕಂದಿರಂತೆ ಇದ್ದರು. ೨೦೦೨ರ ಹೊತ್ತಿಗೆ ಮದುವೆಯಾಗಿ, ತಾಯ್ತನವನ್ನು ಕಂಡವರೂ ಅವರಲ್ಲಿದ್ದರು. ಅಕ್ಕನ ಮಾತಿನ ಸಲುಗೆಯೂ ತಾಯಿಯ ಮಾತಿನ ಅಧಿಕಾರವೂ ಒಂದೇ ಬಾಯಲ್ಲಿ ಕೂಡಿದುದರಿಂದಲೇ ಆ ಸಮ್ಮೇಳನಗಳಿಗೆ ಬಲ ಬಂದಿತೆಂದು ತೋರುತ್ತದೆ.

ಆ ಬೋಧನೆಯ ಒಂದಂಶ ಬಹಳ ಚರ್ಚೆಗೆ ಒಳಗಾದುದು: ಮದುವೆಗೆ ಮೊದಲಿನ ಬ್ರಹ್ಮಚರ್ಯ. ಇದರ ಚರಿತ್ರೆ ಈ ಮೇಳದ ಚರಿತ್ರೆಗಿಂತ ವಿಶಾಲವಾದುದರಿಂದ ಸ್ವಲ್ಪ ವಿವರಿಸಬೇಕು. ೧೯೯೩ರಲ್ಲಿ, ಮೇಳದ ಮೊದಲ ಸಂಪುಟ ಬಂದ ವರ್ಷದಲ್ಲಿಯೇ, ನ್ಯಾಶ್‌ವಿಲ್ಲಿನ ದಕ್ಷಿಣ ಬ್ಯಾಪ್ಟಿಸ್ಟ್ ಭಾನುವಾರ ಶಾಲಾ ಮಂಡಲಿಯು 'ಟ್ರೂ ಲವ್ ವೇಟ್ಸ್', ನಿಜವಾದ ಪ್ರೀತಿ ಕಾಯುತ್ತದೆ, ಎಂಬ ಚಳವಳಿಯನ್ನು ಹೂಡಿತು. ರಿಚರ್ಡ್ ರಾಸ್ ಮತ್ತು ಜಿಮ್ಮಿ ಹೆಸ್ಟರ್ ಎಂಬವರು ಅದರ ಪ್ರವರ್ತಕರು. ತರುಣ ತರುಣಿಯರು ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಬೇಕು. ಕೆಲವರು ಬೆರಳಿಗೆ ಉಂಗುರವನ್ನೂ ಧರಿಸುತ್ತಿದ್ದರು. ೧೯೯೪ರ ಜುಲೈ ತಿಂಗಳಲ್ಲಿ ವಾಷಿಂಗ್‌ಟನ್ ನಗರದ ವಿಶಾಲವಾದ ಬಯಲಿನಲ್ಲಿ ಎರಡು ಲಕ್ಷಕ್ಕೂ ಮೀರಿದ ಪ್ರತಿಜ್ಞಾಪತ್ರಗಳನ್ನು ನೆಲದಲ್ಲಿ ನೆಟ್ಟು ಪ್ರದರ್ಶಿಸಿದರು. ಕ್ರೈಸ್ತ ಸಂಗೀತಗಾರರು ಈ ಸಂದೇಶದ ವಾಹಕರಾದರು. ಆಸ್ಟ್ರೇಲಿಯದಿಂದ ಬಂದ ರೆಬೆಕ ಸೇಂಟ್ ಜೇಮ್ಸ್ ೨೦೦೦ದಲ್ಲಿ ಭಾವೀ ಪತಿಯನ್ನು ಸಂಬೋಧಿಸಿದ ಗೀತೆಯೊಂದರಿಂದ ಹೆಸರಾದಳು. ಇಲಿನಾಯಿಯ ಎಲ್ಜಿನ್ ಪಟ್ಟಣದ ಮೂವರು ಸಹೋದರಿಯರ 'ಬಾರ್ಲೋಗರ್ಲ್' ಮೇಳ, ೨೦೦೪ರ ತಮ್ಮ ಮೊದಲ ಸಂಪುಟದಲ್ಲಿಯೇ, ಹುಡುಗರೊಡನೆ ತಿರುಗಾಡುವ ರೂಢಿಯನ್ನು ತಾವು ಬಿಟ್ಟಿರುವುದಾಗಿ ಹಾಡಿ ಸಾರಿತು. ೨೦೧೨ರಲ್ಲಿ ಮೇಳ ವಿಸರ್ಜನೆಯಾಗುವವರೆಗೂ ಆ ನಿಲುವೇ ಅವರ ಗುರುತಾಗಿತ್ತು. ಇವರಿಗೆ ಹೋಲಿಸಿದರೆ 'ಪಾಯಿಂಟ್ ಆಫ್ ಗ್ರೇಸ್' ಮೇಳದ ಧ್ವನಿ ಮೃದುವಾದುದು. ಅವರ ಗೀತೆಗಳಲ್ಲಿ ಬಹುಪಾಲು ಕೃಪೆ, ಸಾಂತ್ವನ, ನಿಷ್ಠೆ ಇವನ್ನು ಕುರಿತವು. ಅವುಗಳಲ್ಲಿ ಬಹುತೇಕ ನ್ಯಾಶ್‌ವಿಲ್ಲಿನ ವೃತ್ತಿಕವಿಗಳು ಬರೆದವು.

ಪ್ರತಿಜ್ಞೆಗಳಿಂದ ಫಲವೇನಾಯಿತು? ಇತಿಹಾಸಕಾರನಿಗೆ ಇಂತಹ ಪ್ರಶ್ನೆಗೆ ಅಂಕಿಅಂಶಗಳ ಆಧಾರ ದೊರೆಯುವುದು ಅಪರೂಪ. ಇಲ್ಲಿ ಅದೃಷ್ಟವಶಾತ್ ದೊರೆಯುತ್ತದೆ. ಸಮಾಜಶಾಸ್ತ್ರಜ್ಞರಾದ ಪೀಟರ್ ಬೇರ್‌ಮನ್ ಮತ್ತು ಹ್ಯಾನಾ ಬ್ರೂಕ್ನರ್ ಎಂಬವರು ಅಮೆರಿಕದ ಶಾಲಾಬಾಲಕರ ಬೃಹತ್ ಸಮೀಕ್ಷೆಯೊಂದನ್ನು ಆಧರಿಸಿ ೨೦೦೧ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಪ್ರತಿಜ್ಞೆ ಮಾಡಿದವರಲ್ಲಿ ಮೊದಲ ಸಂಭೋಗ ಸರಾಸರಿ ಹದಿನೆಂಟು ತಿಂಗಳಷ್ಟು ಮುಂದಕ್ಕೆ ಹೋಯಿತು. ಆದರೆ ಇದು ಎಲ್ಲ ಶಾಲೆಗಳಲ್ಲಿಯೂ ಆಗಲಿಲ್ಲ. ಪ್ರತಿಜ್ಞೆ ಮಾಡಿದವರು ಕೆಲವರಿದ್ದು, ಬಹಳ ಜನರಿಲ್ಲದ ಕಡೆ ಮಾತ್ರ ಅದು ನಾಟಿತು. ಎಲ್ಲರೂ ಮಾಡಿದ ಕಡೆ ಅದರ ಬಲ ಕುಂದಿತು. ಪ್ರತಿಜ್ಞೆ ಮುರಿದವರು ಗರ್ಭನಿರೋಧಕ ಉಪಾಯಗಳನ್ನು ಬಳಸಿದುದು ಕಡಿಮೆಯೆಂಬುದೂ ಅಲ್ಲಿಯೇ ಕಂಡುಬಂದಿತು. ೨೦೦೯ರಲ್ಲಿ ಜ್ಯಾನೆಟ್ ರೋಸೆನ್‌ಬಾಮ್ ಇನ್ನೊಂದು ವಿಧಾನವನ್ನು ಹಿಡಿದರು. ಪ್ರತಿಜ್ಞೆಗೆ ಮೊದಲೇ ಮತನಿಷ್ಠೆಯಲ್ಲಿಯೂ ಅಭಿಪ್ರಾಯಗಳಲ್ಲಿಯೂ ಸಮಾನರಾಗಿದ್ದವರನ್ನು ಆಯ್ದು ಹೋಲಿಸಿದಾಗ, ಐದು ವರ್ಷಗಳ ಅನಂತರ ಪ್ರತಿಜ್ಞೆ ಮಾಡಿದವರಿಗೂ ಮಾಡದವರಿಗೂ ಸಂಭೋಗದ ನಡವಳಿಕೆಯಲ್ಲಿ ಭೇದವಿರಲಿಲ್ಲ. ಮುಂಜಾಗ್ರತೆಯಲ್ಲಿ ಮಾತ್ರ ಪ್ರತಿಜ್ಞೆ ಮಾಡಿದವರೇ ಹಿಂದಿದ್ದರು. ಇದಕ್ಕಿಂತ ಕುತೂಹಲಕರವಾದುದು ಮತ್ತೊಂದಿದೆ. ತಾವು ಅಂತಹ ಪ್ರತಿಜ್ಞೆಯನ್ನು ಮಾಡಿಯೇ ಇರಲಿಲ್ಲವೆಂದು ಆ ಐದು ವರ್ಷಗಳ ಮೇಲೆ ಹೇಳಿದವರು ನೂರಕ್ಕೆ ೮೨ ಮಂದಿ.

ಈ ಎರಡು ಅಧ್ಯಯನಗಳನ್ನು ಪ್ರಚಾರಕರೂ ವಿರೋಧಿಗಳೂ ತಮತಮಗೆ ಬೇಕಾದಂತೆ ಎಳೆದಾಡಿದ್ದಾರೆ. ನಮ್ಮ ಪ್ರಯೋಜನಕ್ಕೆ ಅವುಗಳಲ್ಲಿ ಬೇರೊಂದು ಸೂಚನೆಯಿದೆ. ಪ್ರತಿಜ್ಞೆ ಅಲ್ಪಸಂಖ್ಯಾತರಲ್ಲಿ ನಾಟಿತು, ಬಹುಸಂಖ್ಯಾತರಲ್ಲಿ ನಾಟಲಿಲ್ಲವೆಂದರೆ, ಅದರ ಬಲ ಉಪದೇಶದಲ್ಲಿರಲಿಲ್ಲ, 'ನಾವು ಬೇರೆಯವರು' ಎಂಬ ಒಕ್ಕೂಟದ ಭಾವನೆಯಲ್ಲಿತ್ತು ಎಂದಾಯಿತು. ಆ ಭಾವನೆಯನ್ನು ಕಾಗದದ ಮೇಲಿನ ಸಹಿ ಬಹುಕಾಲ ಉಳಿಸಲಾರದು. ನೂರಕ್ಕೆ ಎಂಬತ್ತೆರಡು ಮಂದಿ ಸಹಿಯನ್ನೇ ಮರೆತರು, ಅಥವಾ ಮರೆಯಬಯಸಿದರು. ಹಾಡಿನ ವಿಷಯ ಹಾಗಲ್ಲ. ಶಾಲೆಯಲ್ಲಿ ಒಂಟಿಯಾಗಿದ್ದ ಹುಡುಗಿ ಸಮ್ಮೇಳನದ ಸಭಾಂಗಣದಲ್ಲಿ ತನ್ನಂಥವರೇ ಸಾವಿರಾರು ಮಂದಿ ಒಂದೇ ಪಲ್ಲವಿಯನ್ನು ಹಾಡುವುದನ್ನು ಕೇಳುತ್ತಾಳೆ. ಮನೆಗೆ ಮರಳಿದ ಮೇಲೂ ಆ ಹಾಡು ಅವಳೊಡನಿರುತ್ತದೆ. ಮೇಳದ ಯುವಜನಕಾರ್ಯವನ್ನು ಅಳೆಯಬೇಕಾದುದು ಈ ಒಕ್ಕೂಟದ ಭಾವನೆಯಿಂದ ಎಂದು ನಮ್ಮ ಅಭಿಪ್ರಾಯ. ಮಾರಾಟದ ಲೆಕ್ಕವಾಗಲಿ ಸಹಿಗಳ ಲೆಕ್ಕವಾಗಲಿ ಅದನ್ನು ಮುಟ್ಟಲಾರವು.

ಹಾಗೆಂದು ಆ ಬೋಧನೆಯ ದೋಷಗಳನ್ನು ಮುಚ್ಚುವುದು ತರವಲ್ಲ. ಅಂದು ಹುಡುಗಿಯರಾಗಿದ್ದವರು ಇಂದು ನಡುವಯಸ್ಸಿಗೆ ಬಂದು ತಮ್ಮ ಅನುಭವಗಳನ್ನು ಬರೆಯತೊಡಗಿದ್ದಾರೆ. ಪರಿಶುದ್ಧಿಯ ಹೊರೆಯನ್ನು ಹುಡುಗಿಯರ ಹೆಗಲಿಗೇ ಹೊರಿಸಿ, ಹುಡುಗರ ಮನಸ್ಸು ಕೆಡುವುದಕ್ಕೂ ಅವರ ಉಡುಪೇ ಕಾರಣವೆಂದು ಕಲಿಸಲಾಯಿತೆಂಬುದು ಆ ಬರಹಗಳಲ್ಲಿ ಮತ್ತೆ ಮತ್ತೆ ಬರುವ ದೂರು. ಡೇಟಿಂಗ್ ಪದ್ಧತಿಯನ್ನು ನಿಷೇಧಿಸಿ ೧೯೯೭ರಲ್ಲಿ ಪ್ರಸಿದ್ಧವಾದ ಗ್ರಂಥವನ್ನು ಬರೆದ ಜಾಶುವ ಹ್ಯಾರಿಸನೇ ೨೦೧೮ರಲ್ಲಿ ಅದರ ಮಾರಾಟವನ್ನು ನಿಲ್ಲಿಸಿದನು. ೨೦೧೯ರಲ್ಲಿ ಟೆಕ್ಸಾಸಿನ ವೃತ್ತಪತ್ರಿಕೆಗಳು ದಕ್ಷಿಣ ಬ್ಯಾಪ್ಟಿಸ್ಟ್ ಚರ್ಚುಗಳಲ್ಲಿ ನಡೆದಿದ್ದ ಲೈಂಗಿಕ ದೌರ್ಜನ್ಯಗಳನ್ನು ಬಯಲಿಗೆಳೆದವು. ೨೦೨೨ರ ಸ್ವತಂತ್ರ ವಿಚಾರಣಾ ವರದಿಯು, ಸಭೆಯ ಹಿರಿಯ ಅಧಿಕಾರಿಗಳು ದೂರುಗಳನ್ನು ವರ್ಷಾನುಗಟ್ಟಲೆ ಕಡೆಗಣಿಸಿದ್ದರೆಂದು ತೋರಿಸಿತು. ಹುಡುಗಿಯರಿಗೆ ಜಾಗರೂಕತೆಯನ್ನು ಕಲಿಸಿದ ವ್ಯವಸ್ಥೆ ಹಿರಿಯ ಗಂಡಸರ ಮೇಲೆ ಅಷ್ಟೇ ಜಾಗರೂಕತೆಯನ್ನು ಇಡಲಿಲ್ಲ. ಈ ದೋಷಕ್ಕೆ ಗಾಯಕಿಯರನ್ನು ಹೊಣೆ ಮಾಡುವುದು ಅನ್ಯಾಯ. ಆದರೆ ತಮ್ಮ ಸಮಾಜ ಒಪ್ಪಿದ ವಿಷಯಗಳ ಪಟ್ಟಿಯೊಳಗೇ ಅವರ ಬೋಧನೆ ನಿಂತಿತ್ತೆಂಬುದನ್ನು ಹೇಳದೆ ಬಿಡಲಾಗದು. ಹಾಡಿನ ಮೂಲಕ ದೊರೆತ ಅಧಿಕಾರಕ್ಕೆ ಅದು ತೆತ್ತ ಬೆಲೆಯೆಂದು ನಾವು ಭಾವಿಸುತ್ತೇವೆ.

ಇನ್ನೊಂದು ಮಿತಿಯನ್ನೂ ಸೂಚಿಸಬೇಕು. ಈ ಸಂಗೀತದ ಶ್ರೋತೃಗಳು ಬಹುಮಟ್ಟಿಗೆ ಬಿಳಿಯರು. ಕರಿಯರ ಚರ್ಚುಗಳ ಗಾನಸಂಪತ್ತು ಅಮೆರಿಕದ ಜನಪ್ರಿಯ ಸಂಗೀತಕ್ಕೆಲ್ಲ ತಾಯಿಬೇರಾಗಿದ್ದರೂ, ಕ್ರೈಸ್ತ ಧ್ವನಿಮುದ್ರಿಕೆಗಳ ಮಾರುಕಟ್ಟೆ ಅದನ್ನು 'ಗಾಸ್ಪೆಲ್' ಎಂದು ಬೇರೆ ಕಪಾಟಿನಲ್ಲಿರಿಸಿತು. ೧೯೯೪ರಲ್ಲಿ ಮೊದಲ ಸಂಪುಟವನ್ನು ತಂದ 'ಔಟ್ ಆಫ್ ಈಡನ್' ಎಂಬ ಕಿಮ್ಮಿ ಸಹೋದರಿಯರ ಮೇಳ ಈ ಗೋಡೆಯನ್ನು ದಾಟಿದ ಕೆಲವರಲ್ಲಿ ಒಂದು. ಅದರ ಚರಿತ್ರೆ ಪ್ರತ್ಯೇಕ ಲೇಖನಕ್ಕೆ ಅರ್ಹವಾದುದು.

ಮೇಳದ ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಟೆರಿ ಜೋನ್ಸ್ ಸಂಸಾರದ ಕಾರಣದಿಂದ ಹೊರಟರು. ಅವರ ಸ್ಥಾನಕ್ಕೆ, 'ಟ್ರುತ್' ಎಂಬ ಹಳೆಯ ಮೇಳದಲ್ಲಿ ಹಾಡಿದ್ದ ಲೀ ಕ್ಯಾಪಿಲೀನೋ ೨೦೦೪ರಲ್ಲಿ ಬಂದರು. ೨೦೦೮ರಲ್ಲಿ ಹೆದರ್ ಪೇನ್ ಕೂಡ ಮನೆಮಕ್ಕಳಿಗಾಗಿ ನಿವೃತ್ತರಾದರು. ಈ ಸಲ ಯಾರನ್ನೂ ತುಂಬಿಸಿಕೊಳ್ಳದೆ ಮೂವರೇ ಮುಂದುವರಿದರು. ಗೃಹಿಣೀಧರ್ಮವನ್ನು ಕೊಂಡಾಡುವ ಸಮಾಜವೊಂದು ವರ್ಷದಲ್ಲಿ ಅರ್ಧದಷ್ಟು ದಿನ ಊರೂರು ಅಲೆಯುವ ವೃತ್ತಿಯನ್ನು ತಾಯಂದಿರ ಕೈಗೆ ಕೊಟ್ಟಿತ್ತು. ಆ ಎರಡರ ಜಗ್ಗಾಟ ಎಲ್ಲಿಗೆ ಮುಟ್ಟುವುದೆಂಬುದನ್ನು ಈ ಎರಡು ನಿವೃತ್ತಿಗಳು ತೋರಿಸುತ್ತವೆ. ೨೦೦೭ರ 'ಹೌ ಯು ಲಿವ್' ಸಂಪುಟದಿಂದ ಮೇಳ ಕಂಟ್ರಿ ಸಂಗೀತದ ಕಡೆಗೆ ವಾಲಿತು. ಕೇಳುಗರೂ ಅವರ ಜೊತೆಯಲ್ಲಿಯೇ ವಯಸ್ಸಾಗುತ್ತಿದ್ದರಷ್ಟೆ. ಅವರ ಧ್ವನಿಮುದ್ರಿಕೆಗಳನ್ನು ಮಾರುತ್ತಿದ್ದ ಕ್ರೈಸ್ತ ಪುಸ್ತಕದಂಗಡಿಗಳ ಜಾಲವೂ ಉಳಿಯಲಿಲ್ಲ. ೧೯೯೫ರಲ್ಲಿ ಆ ಅಂಗಡಿಗಳ ಮಾರಾಟವನ್ನು ರಾಷ್ಟ್ರೀಯ ಎಣಿಕೆಗೆ ಸೇರಿಸಿದಾಗಲೇ ಈ ಸಂಗೀತದ ವ್ಯಾಪ್ತಿ ಹೊರಜಗತ್ತಿಗೆ ತಿಳಿದುದು. ೨೦೧೭ರಲ್ಲಿ 'ಫ್ಯಾಮಿಲಿ ಕ್ರಿಶ್ಚಿಯನ್' ಸಂಸ್ಥೆ ತನ್ನ ಸುಮಾರು ೨೪೦ ಅಂಗಡಿಗಳನ್ನು ಮುಚ್ಚುವುದಾಗಿ ಪ್ರಕಟಿಸಿತು. ಭಾನುವಾರ ಶಾಲಾ ಮಂಡಲಿಯ ಉತ್ತರಾಧಿಕಾರಿಯಾದ 'ಲೈಫ್‌ವೇ' ಕೂಡ ೨೦೧೯ರಲ್ಲಿ ತನ್ನ ಅಂಗಡಿಗಳೆಲ್ಲದರ ಬಾಗಿಲು ಹಾಕಿತು.

ಈ ವಿಷಯದಲ್ಲಿ ಮುಂದೆ ಕೆಲಸ ಮಾಡಬಯಸುವ ವಿದ್ಯಾರ್ಥಿಗಳಿಗೆ ಒಂದು ಮಾತು. ಧ್ವನಿಮುದ್ರಿಕೆಗಳೂ ಪಟ್ಟಿಗಳೂ ಸಭೆಯ ನಿರ್ಣಯಗಳೂ ಸುಲಭವಾಗಿ ದೊರೆಯುತ್ತವೆ. ಆದರೆ ಅವೆಲ್ಲ ಹೇಳುವವರ ಕಡೆಯ ದಾಖಲೆಗಳು. ಕೇಳಿದವರ ಕಡೆಯ ದಾಖಲೆ ೨೦೦೨ರಲ್ಲಿ ಅಚ್ಚಾದ ಆ ಬೈಬಲ್ ಅಭ್ಯಾಸದ ಕೈಪಿಡಿಯ ಪ್ರತಿಗಳಲ್ಲಿದೆ. ಅಂತಹ ಕೈಪಿಡಿಗಳಲ್ಲಿ ಓದುವವಳು ತಾನೇ ಉತ್ತರ ಬರೆಯಬೇಕು. ಗ್ರಂಥಾಲಯಗಳು ಶುಭ್ರವಾದ ಪ್ರತಿಗಳನ್ನು ಆರಿಸಿ ಇಡುತ್ತವೆ. ನಮಗೆ ಬೇಕಾದುದು ಹುಡುಗಿಯರು ಪೆನ್ಸಿಲಿನಲ್ಲಿ ಬರೆದು, ಹೊಡೆದುಹಾಕಿ, ಮತ್ತೆ ಬರೆದ ಪ್ರತಿಗಳು. ಅವು 'ಹಾಳಾದ ಪುಸ್ತಕ'ಗಳೆಂದು ಹಳೆಯ ಪುಸ್ತಕದಂಗಡಿಗಳಲ್ಲಿ ಅಗ್ಗಕ್ಕೆ ಹೋಗುವ ಬಗೆಯ ವಸ್ತುಗಳು. ಅವುಗಳ ಸಂಗ್ರಹವನ್ನು ಈಗಲೇ ಆರಂಭಿಸಬೇಕು.